ವ್ಯವಸಾಯ, ವ್ಯವಸಾಯಗಾರ ಮತ್ತು ವ್ಯವಸಾಯದ ಜಮೀನು: ಕಾನೂನಿನಲ್ಲಿರುವ ಅರ್ಥಗಳು

(ಗದಗ ಜಿಲ್ಲೆಯ ಅರ್ಜಿದಾರರ ಮಾಹಿತಿಗಾಗಿ)

ವ್ಯವಸಾಯಗಾರರ ಪ್ರಮಾಣಪತ್ರ, ಸಣ್ಣ ಹಿಡುವಳಿದಾರರ ಪ್ರಮಾಣಪತ್ರ, ಭೂ ಪರಿವರ್ತನೆ, ಬೆಳೆ ಪರಿಹಾರ, ಬೆಳೆ ಸಾಲ ಇವುಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಹಲವರು "ನಾವು ತಲೆತಲಾಂತರದಿಂದ ರೈತರು, ನಮಗೇಕೆ ಪುರಾವೆ" ಎಂದು ಪ್ರಶ್ನಿಸುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾನೂನಿನಲ್ಲಿ "ವ್ಯವಸಾಯ" ಎಂಬ ಪದಕ್ಕೆ ಎಲ್ಲೆಡೆ ಅನ್ವಯಿಸುವ ಒಂದೇ ಅರ್ಥವಿರುವುದಿಲ್ಲ. ಭೂ ಸುಧಾರಣೆ, ಭೂ ಕಂದಾಯ, ಭೂಸ್ವಾಧೀನ ಹಾಗೂ ಆದಾಯ ತೆರಿಗೆ ಕಾಯ್ದೆಗಳು ತಮ್ಮ ತಮ್ಮ ಉದ್ದೇಶಕ್ಕೆ ತಕ್ಕಂತೆ ಈ ಪದವನ್ನು ಬೇರೆ ಬೇರೆಯಾಗಿ ಅರ್ಥೈಸುತ್ತವೆ. ಒಂದು ಕಾಯ್ದೆಯಡಿ ವ್ಯವಸಾಯಗಾರರಾದವರು ಮತ್ತೊಂದರಡಿ ಆಗದೇ ಇರಬಹುದು. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ತಾವು ಕೋರುತ್ತಿರುವ ಸೇವೆ ಯಾವ ಕಾಯ್ದೆಗೆ ಅಥವಾ ಯೋಜನೆಗೆ ಸಂಬಂಧಿಸಿದ್ದು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ.

ಭೂ ಸುಧಾರಣೆಗಳ ಕಾಯ್ದೆ, 1961

ರಾಜ್ಯದ ಮಟ್ಟಿಗೆ ಅತ್ಯಂತ ವಿಶಾಲವಾದ ಅರ್ಥ ಈ ಕಾಯ್ದೆಯ 2ನೇ ಕಲಮಿನಲ್ಲಿದೆ. ಅದರಂತೆ ಬೆಳೆ, ಹುಲ್ಲು ಅಥವಾ ತೋಟದ ಉತ್ಪನ್ನ ಬೆಳೆಯುವುದು, ತೋಟಗಾರಿಕೆ, ಜಲಕೃಷಿ, ಹೈನುಗಾರಿಕೆ, ಕೋಳಿ ಸಾಕಾಣಿಕೆ, ಜಾನುವಾರು ತಳಿ ಸಾಕಾಣಿಕೆ ಹಾಗೂ ಮೇಯಿಸುವಿಕೆ ಇವೆಲ್ಲವೂ ವ್ಯವಸಾಯವೇ. ಕೇವಲ ಮರ ಕಡಿಯುವುದು ಮಾತ್ರ ವ್ಯವಸಾಯವಲ್ಲವೆಂದು ಸ್ಪಷ್ಟವಾಗಿ ಹೇಳಲಾಗಿದೆ. ಆದ್ದರಿಂದ ಶಿರಹಟ್ಟಿ ಭಾಗದ ಮಸಾರಿ ಭೂಮಿಯಲ್ಲಿ ಶೇಂಗಾ ಬೆಳೆಯುವವರಂತೆಯೇ ತನ್ನ ಹೊಲದಲ್ಲಿ ಕುರಿ ಮೇಯಿಸುವವರೂ ಈ ಕಾಯ್ದೆಯ ಅರ್ಥದಲ್ಲಿ ವ್ಯವಸಾಯದಲ್ಲಿ ತೊಡಗಿದವರು.

"ವ್ಯವಸಾಯಗಾರ" ಎಂದರೆ ಭೂಮಿಯನ್ನು ಸ್ವಂತವಾಗಿ ಸಾಗುವಳಿ ಮಾಡುವ ವ್ಯಕ್ತಿ. ಇಲ್ಲಿ "ಸ್ವಂತ ಸಾಗುವಳಿ" ಎಂಬುದಕ್ಕೆ ಮೂರು ಬಗೆಗಳುಂಟು: ತನ್ನ ಸ್ವಂತ ದುಡಿಮೆಯಿಂದ, ಕುಟುಂಬದ ಯಾವುದೇ ಸದಸ್ಯರ ದುಡಿಮೆಯಿಂದ, ಅಥವಾ ತನ್ನ ಇಲ್ಲವೇ ಕುಟುಂಬದ ಸದಸ್ಯರ ಖುದ್ದು ಮೇಲ್ವಿಚಾರಣೆಯಲ್ಲಿ ಕೂಲಿಯಾಳುಗಳಿಂದ ಮಾಡಿಸುವುದು. ಕೂಲಿಯನ್ನು ನಗದಾಗಿಯೋ ಕಾಳಿನ ರೂಪದಲ್ಲಿಯೋ ಕೊಡಬಹುದು. ಆದರೆ ಬೆಳೆಯ ಪಾಲಿನ ರೂಪದಲ್ಲಿ ಕೊಡುವಂತಿಲ್ಲ. ಇದು ಅನೇಕರಿಗೆ ತಿಳಿಯದ ಅಂಶ. ಕೂಲಿಗೆ ಐದು ಚೀಲ ಜೋಳ ಎಂದು ಗೊತ್ತುಮಾಡಿದರೆ ಅದು ಸ್ವಂತ ಸಾಗುವಳಿ. ಬಂದ ಬೆಳೆಯಲ್ಲಿ ಅರ್ಧ ಎಂದರೆ ಅಲ್ಲ. ವಿಧವೆ, ಅಪ್ರಾಪ್ತ ವಯಸ್ಕರು, ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯವುಳ್ಳವರು ಹಾಗೂ ಸೈನಿಕರ ವಿಷಯದಲ್ಲಿ ಖುದ್ದು ಮೇಲ್ವಿಚಾರಣೆಯ ನಿರ್ಬಂಧವನ್ನು ಸಡಿಲಿಸಲಾಗಿದೆ. ಅಂತಹವರು ಆಳುಗಳಿಂದ ಸಾಗುವಳಿ ಮಾಡಿಸಿದರೂ ಸ್ವಂತ ಸಾಗುವಳಿದಾರರೆಂದೇ ಪರಿಗಣಿತರಾಗುತ್ತಾರೆ.

ಹಿಂದೆ ಈ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳಂತೆ ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಕೃಷಿಯೇತರ ಆದಾಯವುಳ್ಳವರು ಹಾಗೂ ವ್ಯವಸಾಯಗಾರರಲ್ಲದವರು ವ್ಯವಸಾಯದ ಜಮೀನು ಪಡೆಯುವುದಕ್ಕೆ ನಿರ್ಬಂಧವಿತ್ತು. ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷ ರೂಪಾಯಿಗಳಿಂದ 25 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. 2020ರ ತಿದ್ದುಪಡಿಯ ಮೂಲಕ 79ಎ, 79ಬಿ ಹಾಗೂ 79ಸಿ ಕಲಮುಗಳನ್ನು 1-3-1974ರಿಂದಲೇ ಅನ್ವಯವಾಗುವಂತೆ ತೆಗೆದುಹಾಕಲಾಗಿದೆ. ಆದುದರಿಂದ ಈ ಕಲಮುಗಳ ಸಲುವಾಗಿ ಖರೀದಿದಾರರು ವ್ಯವಸಾಯಗಾರರ ಪ್ರಮಾಣಪತ್ರ ತರಬೇಕಾದ ಸಂದರ್ಭ ಈಗ ಉಳಿದಿಲ್ಲ. ಆದರೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನುಗಳನ್ನು 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ವರ್ಗಾಯಿಸುವಂತಿಲ್ಲ. ಖರೀದಿಗೆ ಮುನ್ನ ಪಹಣಿಯ 11ನೇ ಕಾಲಂ ಅನ್ನು ತಪ್ಪದೆ ಓದತಕ್ಕದ್ದು.

ಲಾವಣಿಗೆ ಮಾಡುವವರು

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ತೊಡಕು ಕಂಡುಬರುವುದು ಈ ವಿಷಯದಲ್ಲಿ. 1974ರ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರ ಸಾಗುವಳಿಯಲ್ಲಿದ್ದ ಜಮೀನುಗಳು ಸರ್ಕಾರಕ್ಕೆ ನಿಹಿತವಾದವು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಲು ವಿಸ್ತರಿಸಲಾದ ಕೊನೆಯ ದಿನಾಂಕ 30-6-1979 ಆಗಿತ್ತು. ಆ ನಂತರ, ಸೈನಿಕರ ಜಮೀನಿನಂತಹ ಕೆಲವು ವಿನಾಯಿತಿಗಳ ಹೊರತು, 5ನೇ ಕಲಮಿನಂತೆ ವ್ಯವಸಾಯದ ಜಮೀನನ್ನು ಗೇಣಿಗೆ ಕೊಡುವುದು ನಿಷಿದ್ಧ.

ವಾಸ್ತವದಲ್ಲಿ ಲಾವಣಿ ಮತ್ತು ಪಾಲು ನಿಂತಿಲ್ಲವೆಂಬುದು ಹೊಲದ ದಾರಿಯಲ್ಲಿ ನಡೆದವರಿಗೆಲ್ಲ ಗೊತ್ತು. ಉದಾಹರಣೆಗೆ ಮುಂಡರಗಿ ತಾಲ್ಲೂಕಿನಲ್ಲಿ ಒಂದು ಕುಟುಂಬ ಬೇರೆಯವರ ನಾಲ್ಕು ಎಕರೆ ಎರೆ ಹೊಲವನ್ನು ವರ್ಷದ ಲಾವಣಿಗೆ ಹಿಡಿದು ಹೆಸರು, ಬಳಿಕ ಕಡಲೆ ಬಿತ್ತುತ್ತದೆ ಎಂದಿಟ್ಟುಕೊಳ್ಳೋಣ. ಬೀಜ, ಗೊಬ್ಬರ, ಆಳಿನ ಖರ್ಚು ಆ ಕುಟುಂಬದ್ದು. ಮಳೆ ಕೈಕೊಟ್ಟರೆ ನಷ್ಟವೂ ಅದರದ್ದೇ. ಆದರೆ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ. 12ನೇ ಕಾಲಂನಲ್ಲಿ ಸಾಗುವಳಿದಾರರಾಗಿ ಲಾವಣಿದಾರರ ಹೆಸರನ್ನು ಬರೆಯಿಸಲು ಮಾಲೀಕರು ಒಪ್ಪುವುದಿಲ್ಲ. ಹಿಂದಿನ ಗೇಣಿ ಹಕ್ಕಿನ ನೆನಪು ಅವರನ್ನು ಹೆದರಿಸುತ್ತದೆ. ಇತ್ತ ಬೆಳೆ ಹಾನಿ ಪರಿಹಾರವು ಜಮೀನಿನ ದಾಖಲೆಗೆ ಜೋಡಿಸಲಾದ ರೈತ ಗುರುತಿನ ಸಂಖ್ಯೆಯ ಆಧಾರದ ಮೇಲೆ ಖಾತೆದಾರರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಬೆಳೆ ಕಳೆದುಕೊಂಡವರು ಒಬ್ಬರು, ಪರಿಹಾರ ಪಡೆದವರು ಮತ್ತೊಬ್ಬರು. ಈ ಬಗ್ಗೆ ಬರುವ ದೂರುಗಳಿಗೆ ಕಚೇರಿಯಲ್ಲಿ ಕೊಡಬಹುದಾದ ಉತ್ತರ ಸಮಾಧಾನಕರವಲ್ಲವೆಂಬುದನ್ನು ಒಪ್ಪಬೇಕು.

ಹಾಗಿದ್ದರೂ ಲಾವಣಿದಾರರಿಗೆ ಎಲ್ಲ ಬಾಗಿಲುಗಳೂ ಮುಚ್ಚಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡ್ ಕುರಿತು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯಲ್ಲಿ ಗೇಣಿದಾರರು, ಬಾಯಿಮಾತಿನ ಗುತ್ತಿಗೆದಾರರು ಹಾಗೂ ಪಾಲುದಾರರು ಅರ್ಹರೆಂದು ಹೇಳಲಾಗಿದೆ. ಸ್ವಸಹಾಯ ಗುಂಪು ಅಥವಾ ಜಂಟಿ ಬಾಧ್ಯತಾ ಗುಂಪಿನ ಮೂಲಕವೂ ಸಾಲ ಕೋರಬಹುದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿಯೂ ಗೇಣಿದಾರರು ಮತ್ತು ಪಾಲುದಾರರು ಸೇರುತ್ತಾರೆ, ಆದರೆ ಅದಕ್ಕೆ ದಾಖಲೆ ಬೇಕು. ದಾಖಲೆ ಕೇಳುವ ಯೋಜನೆ ಒಂದೆಡೆ, ದಾಖಲೆ ಮಾಡಲು ಬಿಡದ ಕಲಮು ಇನ್ನೊಂದೆಡೆ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸ್ಥಾಪನೆಯಾದದ್ದು ಇದೇ ಜಿಲ್ಲೆಯ ಕಣಗಿನಹಾಳದಲ್ಲಿ. ಭೂಮಿಯ ಅಡಮಾನವಿಲ್ಲದ ರೈತನಿಗೆ ಸಾಲ ಸಿಗುವುದು ಹೇಗೆಂಬ ಚಿಂತೆ ಇಲ್ಲಿ ಹೊಸದೇನೂ ಅಲ್ಲ. ಅರ್ಜಿದಾರರು ತಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿಯೂ ವಿಚಾರಿಸುವುದು ಒಳ್ಳೆಯದು.

ಭೂಸ್ವಾಧೀನದ ಸಂದರ್ಭದಲ್ಲಿ ಲಾವಣಿದಾರರ ಸ್ಥಿತಿ ಉತ್ತಮವಾಗಿದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ "ಬಾಧಿತ ಕುಟುಂಬ" ಎಂಬುದು ಮಾಲೀಕರಿಗಷ್ಟೇ ಸೀಮಿತವಲ್ಲ. ಜಮೀನು ಇಲ್ಲದಿದ್ದರೂ, ಸ್ವಾಧೀನಕ್ಕೆ ಮುನ್ನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಅದರಿಂದಲೇ ಮುಖ್ಯವಾಗಿ ಜೀವನ ಸಾಗಿಸುತ್ತಿದ್ದ ಕೃಷಿ ಕಾರ್ಮಿಕರು, ಗೇಣಿದಾರರು, ಪಾಲುದಾರರು ಸಹ ಅದರಲ್ಲಿ ಸೇರುತ್ತಾರೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಪರಿಸರದಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ಭೂಸ್ವಾಧೀನದ ಪ್ರಸ್ತಾವ ಬಂದು, ರೈತರ ಹಾಗೂ ಗದಗದ ತೋಂಟದಾರ್ಯ ಮಠದ ಸ್ವಾಮೀಜಿಯವರ ವಿರೋಧದ ನಂತರ ಅದೇ ವರ್ಷ ಕೈಬಿಡಲಾಯಿತು. ಆಗ ಜಾರಿಯಲ್ಲಿದ್ದ 1894ರ ಕೇಂದ್ರ ಕಾಯ್ದೆಯಲ್ಲಿ ಇಂತಹ ವ್ಯಾಖ್ಯೆ ಇರಲಿಲ್ಲ.

ಭೂ ಕಂದಾಯ ಕಾಯ್ದೆ, 1964: ಹೊಲದಲ್ಲಿ ಏನು ಮಾಡಬಹುದು

95ನೇ ಕಲಮಿನಂತೆ ವ್ಯವಸಾಯಕ್ಕೆಂದು ಕಂದಾಯ ನಿಗದಿಯಾದ ಜಮೀನಿನಲ್ಲಿ ಬಾವಿ, ಕೆರೆ, ಹೊಲದ ಕಟ್ಟಡ ಹಾಗೂ ಉತ್ತಮ ಸಾಗುವಳಿಗೆ ಬೇಕಾದ ಇತರ ಸುಧಾರಣೆಗಳನ್ನು ಅನುಮತಿ ಇಲ್ಲದೆಯೇ ಕೈಗೊಳ್ಳಬಹುದು. ತೋಟದ ಮನೆಯು ಹಿಡುವಳಿಯ ಶೇ. 10ರಷ್ಟನ್ನು ಹಾಗೂ ನಿಯಮಗಳ ಗರಿಷ್ಠ ಮಿತಿಯನ್ನು ಮೀರಬಾರದು ಮತ್ತು ವಾಣಿಜ್ಯ ಚಟುವಟಿಕೆಗೆ ಬಾಡಿಗೆಗೆ ಕೊಡಬಾರದು. ಬೇರೆ ಉದ್ದೇಶಕ್ಕೆ ಬಳಸಬೇಕಾದಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಅನುಮತಿ ಅಗತ್ಯ. ಅನುಮತಿ ಪಡೆಯದೆ ಬಳಸಿದರೆ 96ನೇ ಕಲಮಿನಂತೆ ದಂಡ ವಿಧಿಸಲಾಗುವುದು.

ಪವನ ವಿದ್ಯುತ್ ಗಿರಣಿಗಳು ಜಿಲ್ಲೆಯಲ್ಲಿ ಹೆಚ್ಚಾಗಿರುವುದರಿಂದ ಒಂದು ಮಾತು ಹೇಳಬೇಕಾಗಿದೆ. ಹೊಲದ ಒಂದು ಭಾಗವನ್ನು ಕಂಪನಿಗೆ ಭೋಗ್ಯಕ್ಕೆ ಕೊಟ್ಟಾಗ ಗೋಪುರ ಮತ್ತು ದಾರಿ ಇರುವ ಆ ಭಾಗದ ಬಳಕೆ ವ್ಯವಸಾಯವಲ್ಲ. ಸುತ್ತಲಿನ ಬಿತ್ತನೆಯ ಭಾಗ ವ್ಯವಸಾಯವಾಗಿಯೇ ಉಳಿಯುತ್ತದೆ. ಕರಾರಿಗೆ ಸಹಿ ಮಾಡುವ ಮುನ್ನ ಯಾವ ಸರ್ವೆ ನಂಬರಿನ ಎಷ್ಟು ಗುಂಟೆ ಎಂಬುದನ್ನು ನಕ್ಷೆ ಸಮೇತ ಬರೆಸಿಕೊಳ್ಳಬೇಕು. ಇಡೀ ಸರ್ವೆ ನಂಬರು ಕರಾರಿನಲ್ಲಿ ಸೇರಿಹೋದರೆ ಮುಂದೆ ಬೆಳೆ ಸಾಲದ ಸಮಯದಲ್ಲಿ ತೊಂದರೆಯಾಗುವ ಸಂಭವವಿದೆ.

ಆದಾಯ ತೆರಿಗೆಯ ದೃಷ್ಟಿ

ಇಲ್ಲಿ ಅರ್ಥ ಬಹಳ ಕಿರಿದು. 1957ರಲ್ಲಿ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಉಳುವುದು, ಬಿತ್ತುವುದು, ನೆಡುವುದು ಮುಂತಾದ ಮೂಲ ಕಾರ್ಯಗಳು ಭೂಮಿಯ ಮೇಲೆ ನಡೆದಿರಬೇಕು ಎಂದು ತೀರ್ಮಾನಿಸಿತು. ಕಳೆ ತೆಗೆಯುವುದು, ಕೊಯ್ಲು ಮಾಡುವುದು ಆ ಮೂಲ ಕಾರ್ಯಗಳಿಗೆ ಜೋಡಿಯಾದಾಗ ಮಾತ್ರ ಕೃಷಿ. ಆಹಾರ ಬೆಳೆಯೇ ಆಗಿರಬೇಕೆಂದೇನೂ ಇಲ್ಲ, ಹತ್ತಿಯೂ ಆದೀತು.

ಪರಿಣಾಮವಾಗಿ ಭೂ ಸುಧಾರಣೆಗಳ ಕಾಯ್ದೆಯಲ್ಲಿ ವ್ಯವಸಾಯವಾಗಿರುವ ಹೈನುಗಾರಿಕೆ ಮತ್ತು ಕೋಳಿ ಸಾಕಾಣಿಕೆಯ ಆದಾಯ ತೆರಿಗೆಯ ಲೆಕ್ಕದಲ್ಲಿ ಕೃಷಿ ಆದಾಯವಲ್ಲ. ಮೆಣಸಿನಕಾಯಿಯನ್ನು ಕಣದಲ್ಲಿ ಒಣಗಿಸಿ ಮಾರಿದರೆ ಕೃಷಿ ಆದಾಯ, ಏಕೆಂದರೆ ಅದು ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ರೈತರು ಸಾಮಾನ್ಯವಾಗಿ ಮಾಡುವ ಕೆಲಸ. ಕಾರದ ಪುಡಿ ಮಾಡಿ ಪೊಟ್ಟಣ ಕಟ್ಟಿದರೆ ಪುಡಿ ಮಾಡಿದ್ದರಿಂದ ಬಂದ ಲಾಭ ವ್ಯಾಪಾರದ್ದು. ನರ್ಸರಿಯಲ್ಲಿ ಬೆಳೆದ ಸಸಿಗಳ ಆದಾಯವನ್ನು 2008ರ ಹಣಕಾಸು ಕಾಯ್ದೆಯ ಮೂಲಕ ಕೃಷಿ ಆದಾಯವೆಂದು ಪರಿಗಣಿಸಲಾಗಿದೆ. ಲಾವಣಿಯ ಹಣ ಮಾಲೀಕರಿಗೆ ಕೃಷಿ ಆದಾಯವೇ, ಜಮೀನು ಕೃಷಿಗೆ ಬಳಕೆಯಾಗುತ್ತಿರಬೇಕಷ್ಟೆ. ಗಾಳಿ ಗಿರಣಿಯ ಬಾಡಿಗೆ ಹಾಗಲ್ಲ.

ಜಮೀನು ಮಾರುವವರು ಗಮನಿಸತಕ್ಕ ಅಂಶ: ಗ್ರಾಮೀಣ ಕೃಷಿ ಜಮೀನಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ 10 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣದ ಎಲ್ಲೆಯೊಳಗಿನ ಜಮೀನು ಗ್ರಾಮೀಣವಲ್ಲ. ಎಲ್ಲೆಯ ಹೊರಗೂ, ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿದ್ದರೆ 2 ಕಿ.ಮೀ., 1 ಲಕ್ಷದಿಂದ 10 ಲಕ್ಷದವರೆಗಿದ್ದರೆ 6 ಕಿ.ಮೀ. ದೂರದವರೆಗೆ ಅದೇ ಅನ್ವಯ. ದೂರವನ್ನು ರಸ್ತೆಯಲ್ಲಿ ಅಲ್ಲ, ನೇರ ಆಕಾಶಮಾರ್ಗದಲ್ಲಿ ಅಳೆಯಲಾಗುತ್ತದೆ. 2011ರ ಜನಗಣತಿಯಂತೆ ಗದಗ-ಬೆಟಗೇರಿಯ ಜನಸಂಖ್ಯೆ ಸುಮಾರು 1.72 ಲಕ್ಷ, ಆದ್ದರಿಂದ ಅಲ್ಲಿ 6 ಕಿ.ಮೀ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಪಟ್ಟಣಗಳಿಗೆ 2 ಕಿ.ಮೀ. ಮುಂದಿನ ಜನಗಣತಿಯ ಅಂಕಿಗಳು ಪ್ರಕಟವಾದ ಬಳಿಕ ಇದು ಬದಲಾಗಬಹುದು.

ನೆರೆಹೊರೆಯವರ ದೂರುಗಳು

ಅಮೆರಿಕದ ಎಲ್ಲ 50 ರಾಜ್ಯಗಳಲ್ಲಿ "ಕೃಷಿ ಮಾಡುವ ಹಕ್ಕಿನ" ಕಾನೂನುಗಳಿವೆ. ಮೊದಲಿನಿಂದ ಇದ್ದ ಹೊಲ ಅಥವಾ ಕೊಟ್ಟಿಗೆಯ ವಾಸನೆ, ಧೂಳು, ಸದ್ದುಗಳ ಬಗ್ಗೆ ನಂತರ ಬಂದು ನೆಲೆಸಿದವರು ಹೂಡುವ ಉಪದ್ರವದ ದಾವೆಗಳಿಂದ ರೈತರನ್ನು ರಕ್ಷಿಸುವುದು ಅವುಗಳ ಉದ್ದೇಶ. ಅಲ್ಲಿ ಯಾವುದು ಕೃಷಿ ಎಂಬ ವ್ಯಾಖ್ಯೆಯ ಮೇಲೆಯೇ ಇಡೀ ರಕ್ಷಣೆ ನಿಂತಿದೆ. ನಮ್ಮ ರಾಜ್ಯದಲ್ಲಿ ಅಂತಹ ಕಾನೂನು ಇಲ್ಲ. ಕೋಳಿ ಫಾರಂ ಅಥವಾ ದನದ ಕೊಟ್ಟಿಗೆ ವ್ಯವಸಾಯವೇ ಆಗಿದ್ದರೂ, ಅದರಿಂದ ಸಾರ್ವಜನಿಕ ಉಪದ್ರವವಾಗುತ್ತಿದೆಯೆಂದು ಕಂಡುಬಂದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಂತೆ (1-7-2024ಕ್ಕೆ ಮುಂಚೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು) ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಷರತ್ತುಬದ್ಧ ಆದೇಶ ಹೊರಡಿಸಬಹುದು. "ನಾನು ಮೊದಲು ಬಂದವನು" ಎಂಬುದೊಂದೇ ಇಲ್ಲಿ ಸಾಕಾಗದು. ದೊಡ್ಡ ಪ್ರಮಾಣದ ಫಾರಂ ಆರಂಭಿಸುವವರು ಗ್ರಾಮ ಪಂಚಾಯಿತಿ ಹಾಗೂ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಸೂಕ್ತ.

ಅರ್ಜಿ ಸಲ್ಲಿಸುವಾಗ

ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ ಸಕಾಲ ಸ್ವೀಕೃತಿ ಸಂಖ್ಯೆಯನ್ನು ಪಡೆದುಕೊಳ್ಳತಕ್ಕದ್ದು. ತಂದೆ ಅಥವಾ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳುವುದು ಲೇಸು. ಭೂ ಕಂದಾಯ ಕಾಯ್ದೆಯ 128ನೇ ಕಲಮಿನಂತೆ ವಾರಸಾ ಮೂಲಕ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕಾಗಿದೆ. ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಿಂದ ಕೈಬಿಟ್ಟ ಅರ್ಜಿಗಳು ಇಂದಿಗೂ ಬರುತ್ತಿವೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ 2005ರ ಕೇಂದ್ರ ತಿದ್ದುಪಡಿಯಂತೆ ಮಗನಿಗೆ ಸಮನಾದ ಹಕ್ಕಿದ್ದು, ಕರ್ನಾಟಕದಲ್ಲಿ 1994ರಲ್ಲಿಯೇ ಈ ದಿಕ್ಕಿನಲ್ಲಿ ತಿದ್ದುಪಡಿಯಾಗಿತ್ತು.

ಪಿಎಂ-ಕಿಸಾನ್ ಯೋಜನೆಯ ವಾರ್ಷಿಕ 6,000 ರೂಪಾಯಿ ಭೂಮಿ ಹೊಂದಿದ ಕುಟುಂಬಕ್ಕೆ ಮಾತ್ರ. ಆದಾಯ ತೆರಿಗೆ ಪಾವತಿಸಿದವರು ಹಾಗೂ 'ಡಿ' ದರ್ಜೆಯ ಹೊರತಾದ ಸರ್ಕಾರಿ ನೌಕರರು ಎಷ್ಟೇ ಚೆನ್ನಾಗಿ ಉತ್ತರೂ ಅರ್ಹರಲ್ಲ. ಸ್ವಂತ ಜಮೀನಿಲ್ಲದ ಲಾವಣಿದಾರರೂ ಅರ್ಹರಲ್ಲ.

ಪಹಣಿಯ ನಮೂದುಗಳು 133ನೇ ಕಲಮಿನಂತೆ ಬೇರೆ ರುಜುವಾತಾಗುವವರೆಗೆ ಸರಿಯೆಂದು ಭಾವಿಸಲ್ಪಡುತ್ತವೆ. ಆದುದರಿಂದ ತಪ್ಪು ನಮೂದು ಕಂಡುಬಂದ ಕೂಡಲೇ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಬೇಕು. ಹಕ್ಕು ಬದಲಾವಣೆಯ ಆದೇಶದಿಂದ ಬಾಧಿತರಾದವರು ಆದೇಶ ತಿಳಿದ 60 ದಿನಗಳೊಳಗೆ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಆದೇಶದ ಪ್ರತಿ ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.