ತಲೆಯ ಲೆಕ್ಕ ಸಿಕ್ಕಿತು, ಹೆಸರೆಲ್ಲಿ?

ಅಮೆರಿಕದಲ್ಲಿ ಗುಲಾಮರಾಗಿದ್ದವರ ಮರಿಮಕ್ಕಳು ತಮ್ಮ ಮುತ್ತಜ್ಜನನ್ನು ಹುಡುಕಿಕೊಂಡು ಹೊರಟರೆ ದಾರಿ 1870ರ ಜನಗಣತಿಗೆ ಬಂದು ನಿಂತುಬಿಡುತ್ತೆ. ಅದಕ್ಕೂ ಹಿಂದಿನ 1850, 1860ರ ಗಣತಿಗಳಲ್ಲಿ ಗುಲಾಮರದೇ ಬೇರೆ ಪಟ್ಟಿ. ಅಲ್ಲಿ ಹೆಸರಿರುವುದು ಧಣಿಯದು. ಅವನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ದನದ ಲೆಕ್ಕ ಬರೆದಂಗೆ.

ಆಗ ಚರ್ಚಿನ ದಫ್ತರ ಬಿಚ್ಚಬೇಕು. ಮೇರಿಲ್ಯಾಂಡಿನ ಜೆಸ್ವಿಟ್ ಪಾದ್ರಿಗಳು ತಮ್ಮ ಗುಲಾಮರಿಗೆ ದೀಕ್ಷಾಸ್ನಾನ ಮಾಡಿಸಿದರು, ಮದುವೆ ಮಾಡಿಸಿದರು, ಹೆಸರು ಬರೆದಿಟ್ಟರು. 1838ರಲ್ಲಿ ಅವರೇ 272 ಜನರನ್ನು ಲೂಯಿಸಿಯಾನದ ಧಣಿಗಳಿಗೆ ಮಾರಿದರು. ಬಂದ ದುಡ್ಡಿನ ಒಂದು ಪಾಲು ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. ಮಾರಾಟದ ಪಟ್ಟಿ, ಹಡಗಿನ ಪಟ್ಟಿ, ಚರ್ಚಿನ ಪುಸ್ತಕ, 1870ರ ಗಣತಿ, ಇಷ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಳೆದುಹೋದ ಮನೆತನಗಳು ಸಿಕ್ಕವು. 2017ರಲ್ಲಿ ಜೆಸ್ವಿಟರೂ, ವಿಶ್ವವಿದ್ಯಾಲಯವಾಗಿದ್ದ ಆ ಕಾಲೇಜೂ ಆ ಮನೆತನದವರ ಮುಂದೆ ಕ್ಷಮೆ ಕೇಳಿದವು.

ನಮ್ಮ ಕಥೆ ಏನು? ಮೈಸೂರಿನ 1891ರ ಗಣತಿ ವರದಿ ಹೊಲೆಯರೆಷ್ಟು, ಮಾದಿಗರೆಷ್ಟು ಅಂತ ಹೇಳುತ್ತೆ. ಯಾರು ಅಂತ ಹೇಳೋಲ್ಲ. ಶಾನುಭೋಗರ ಲೆಕ್ಕದಲ್ಲಿ ಹೊಲ ಇದ್ದವನ ಹೆಸರಿತ್ತು. ಜೀತಕ್ಕಿದ್ದು ಅದನ್ನು ಉತ್ತವನದಲ್ಲ.

ಗೆಳೆಯರೆ, ಧಣಿಯ ಕಾಗದವನ್ನೇ ಬಿಚ್ಚಿ ಓದೋಣ. ಕಾಗದಕ್ಕೆ ಬಾರದ ಹೆಸರುಗಳನ್ನು ಕೇರಿಯ ಮುದುಕಿಯರ ಬಾಯಿಂದ ಇವತ್ತೇ ಬರೆದುಕೊಳ್ಳೋಣ. ನಾಳೆ ಆ ಬಾಯಿಯೂ ಇರೋಲ್ಲ.