ಯುದ್ಧ ಮುಗಿದ ಮೇಲೆ ಉಳಿಯುವ ಭಾರ

ಯುದ್ಧಚರಿತ್ರೆಯ ಪುಟಗಳಲ್ಲಿ ಟ್ಯಾಂಕು ಸದಾ ಮುನ್ನುಗ್ಗುತ್ತಲೇ ಇರುತ್ತದೆ. ಕಂದಕಗಳನ್ನು ದಾಟುತ್ತದೆ, ಮುಳ್ಳುತಂತಿಯ ಬೇಲಿಗಳನ್ನು ತುಳಿಯುತ್ತದೆ. ಆದರೆ ಅದು ರಣರಂಗದ ಅಂಚಿಗೆ ಹೇಗೆ ಬಂತು, ಯುದ್ಧ ಮುಗಿದ ಮೇಲೆ ಹೇಗೆ ಹಿಂತಿರುಗಿತು ಎಂಬುದನ್ನು ಚರಿತ್ರಕಾರರು ಹೆಚ್ಚಾಗಿ ಅಡಿಟಿಪ್ಪಣಿಗೆ ಬಿಟ್ಟುಬಿಡುತ್ತಾರೆ. ವಾಸ್ತವದಲ್ಲಿ ದೂರದ ಪಯಣವನ್ನೆಲ್ಲ ಟ್ಯಾಂಕು ಬೇರೊಂದರ ಬೆನ್ನೇರಿಯೇ ಮುಗಿಸುತ್ತದೆ. ರೈಲಿನ ಮೇಲೆ, ಹಡಗಿನ ಒಡಲಲ್ಲಿ, ಹಲವು ಗಾಲಿಗಳ ಟ್ರೇಲರಿನ ಮೇಲೆ. ಸೇನೆಯಲ್ಲಿರುವಷ್ಟು ಕಾಲ ಈ ಪಯಣದ ಚಿಂತೆ ಪ್ರಭುತ್ವದ್ದು. ಸೇವೆಯಿಂದ ನಿವೃತ್ತವಾಗಿ, ನಿಶ್ಶಸ್ತ್ರಗೊಂಡು, ಸಂಗ್ರಾಹಕನೊಬ್ಬನ ಸ್ವತ್ತಾದ ಮರುದಿನದಿಂದ ಆ ಚಿಂತೆ ಅವನದು. ಯಾವ ರಸ್ತೆಯಲ್ಲಿ ಒಯ್ಯಬೇಕು? ಯಾವ ಸೇತುವೆ ತಾಳುತ್ತದೆ? ಯಾರ ಅಪ್ಪಣೆ ಬೇಕು?

ಮೇಲ್ನೋಟಕ್ಕೆ ಇದು ಸಾಗಾಣಿಕೆಯ ಶುಷ್ಕ ಪ್ರಶ್ನೆ. ಆದರೂ ನಾವು ಇದನ್ನು ಇಲ್ಲಿ ಎತ್ತಿಕೊಂಡದ್ದು, ಅದರೊಳಗೆ ಪ್ರಭುತ್ವಕ್ಕೂ ಪ್ರಜೆಗೂ ನಡುವಿನ ಹಳೆಯ ವ್ಯಾಜ್ಯವೊಂದು ಅಡಗಿರುವುದರಿಂದ. ರಸ್ತೆ ಎಲ್ಲರದು ಎನ್ನುತ್ತೇವೆ. ಒಬ್ಬನ ಹೊರೆಯಿಂದ ಅದು ಮುರಿದರೆ ಹೊಣೆ ಯಾರದು?

ಈ ವ್ಯಾಜ್ಯ ಟ್ಯಾಂಕಿಗಿಂತ ಹಿರಿದು. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಉಗಿಯಿಂದ ಓಡುವ ಭಾರದ ಎಳೆಬಂಡಿಗಳು ಹಳ್ಳಿಯ ರಸ್ತೆಗಳಿಗೆ ಇಳಿದಾಗ ಜನ ಹೆದರಿದರು. 1865ರ ಕಾಯಿದೆ ಅಂಥ ಬಂಡಿಗಳ ವೇಗವನ್ನು ಊರ ಹೊರಗೆ ಗಂಟೆಗೆ 4 ಮೈಲಿಗೆ, ಊರೊಳಗೆ 2 ಮೈಲಿಗೆ ಕಟ್ಟಿಹಾಕಿತು. ಮುಂದೆ ಕೆಂಪು ಬಾವುಟ ಹಿಡಿದ ಒಬ್ಬಾತ ನಡೆಯಬೇಕೆಂದಿತು. ಆ ಬಾವುಟವನ್ನು ಇಂದಿಗೂ ನೆನೆದು ನಗುವವರಿದ್ದಾರೆ. ಆದರೆ ಹೆಚ್ಚು ಕಾಲ ಬಾಳಿದ ವಿಚಾರ ಬಂದದ್ದು 1878ರ ತಿದ್ದುಪಡಿಯಲ್ಲಿ. ವಿಪರೀತ ತೂಕದಿಂದಲೋ ಅಸಾಮಾನ್ಯ ಸಂಚಾರದಿಂದಲೋ ರಸ್ತೆಗೆ ಹಾನಿಯಾದರೆ, ಅದರ ಹೆಚ್ಚುವರಿ ದುರಸ್ತಿಯ ವೆಚ್ಚವನ್ನು ಆ ಸಂಚಾರ ನಡೆಸಿದವನಿಂದಲೇ ವಸೂಲು ಮಾಡಬಹುದೆಂದು ಅದು ವಿಧಿಸಿತು. ರಸ್ತೆಯನ್ನು ದುರಸ್ತಿ ಮಾಡುತ್ತಿದ್ದುದು ಊರವರ ತೆರಿಗೆಯ ಹಣ. ಒಬ್ಬನ ಲಾಭಕ್ಕೆ ಹತ್ತೂರವರು ತೆರಬಾರದು ಎಂಬ ಸರಳ ನ್ಯಾಯ ಅದರ ಹಿಂದಿತ್ತು. ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಭಾರೀ ಹೊರೆಗೆ ಕೊಡುವ ಪರವಾನಗಿಯ ಬೇರು ಈ ನ್ಯಾಯದಲ್ಲಿದೆ.

1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಫ್ಲೆರ್ ಬಳಿ ಟ್ಯಾಂಕುಗಳು ಮೊದಲ ಬಾರಿಗೆ ಯುದ್ಧಕ್ಕಿಳಿದವು. ಸುಮಾರು 28 ಟನ್ ತೂಗುತ್ತಿದ್ದ ಆ ಯಂತ್ರಗಳನ್ನು ಅಲ್ಲಿಯವರೆಗೆ ಒಯ್ದದ್ದು ರೈಲು. ರೈಲುದಾರಿಯ ಅಗಲದ ಮಿತಿಗೆ ಹೊಂದಲೆಂದು ಅವುಗಳ ಪಕ್ಕಗಳಲ್ಲಿ ಹೊರಚಾಚಿದ್ದ ತೋಪಿನ ಗೂಡುಗಳನ್ನು ಕಳಚಿ, ತಲುಪಿದ ಮೇಲೆ ಮತ್ತೆ ಜೋಡಿಸಬೇಕಾಗುತ್ತಿತ್ತು. ಶತ್ರುವಿನ ಗುಂಡಿಗೆ ಬಗ್ಗದ ಯಂತ್ರ ರೈಲ್ವೆಯ ಅಳತೆಗೋಲಿಗೆ ತಲೆಬಾಗಿತು.

ಯುದ್ಧಾನಂತರ, 1919ರ ಸುಮಾರಿಗೆ, ಬ್ರಿಟನ್ನಿನ 260ಕ್ಕೂ ಹೆಚ್ಚು ಊರುಗಳಿಗೆ ಯುದ್ಧನಿಧಿಗೆ ಹಣ ಕೂಡಿಸಿಕೊಟ್ಟ ಗೌರವಾರ್ಥ ಒಂದೊಂದು ಟ್ಯಾಂಕು ಕಾಣಿಕೆಯಾಗಿ ಬಂತು. ಸೇನೆಯ ಸಿಬ್ಬಂದಿ ಅದನ್ನು ರೈಲು ನಿಲ್ದಾಣದಿಂದ ಊರ ಚೌಕಕ್ಕೆ ನಡೆಸಿಕೊಟ್ಟು ಹೋದರು. ಅಲ್ಲಿಂದ ಮುಂದೆ ಅದು ಊರಿನ ಆಸ್ತಿ, ಊರಿನ ತಲೆನೋವು. ಹೆಚ್ಚಿನವು ಮುಂದಿನ 2 ದಶಕಗಳಲ್ಲಿ ಗುಜರಿಗೆ ಹೋದವು. ಕೆಂಟ್ ಪ್ರಾಂತದ ಆಶ್‌ಫರ್ಡ್ ಊರಿನದು ಉಳಿದುಕೊಂಡದ್ದಕ್ಕೆ ಕಾರಣ ಅದರ ಶೌರ್ಯವಲ್ಲ. ಅದರ ಹೊಟ್ಟೆಯೊಳಗೆ ವಿದ್ಯುತ್ ಪರಿವರ್ತಕವೊಂದನ್ನು ಇಟ್ಟಿದ್ದರು.

ಅದೇ 1919ರಲ್ಲಿ ಅಮೆರಿಕದ ಸೇನೆ ವಾಷಿಂಗ್ಟನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಲಾರಿಗಳ ದಂಡೊಂದನ್ನು ಕಳಿಸಿತು. 3,251 ಮೈಲಿಯ ದಾರಿ, 62 ದಿನ. ಟ್ಯಾಂಕು ದಳದ ವೀಕ್ಷಕನಾಗಿ ಜೊತೆಗಿದ್ದ ಯುವ ಅಧಿಕಾರಿ ಡ್ವೈಟ್ ಐಸೆನ್‌ಹೋವರ್. ದಾರಿಯಲ್ಲಿ ಮರದ ಸೇತುವೆಗಳು ಒಂದಾದ ಮೇಲೊಂದು ಕುಸಿದವು, ಜಖಂಗೊಂಡವು. ದಂಡಿನವರು ದುರಸ್ತಿ ಮಾಡಿದ ಸೇತುವೆಗಳ ಲೆಕ್ಕವೇ 88. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸೇನೆ ಮುರಿಯಬಲ್ಲದು, ಏಕೆಂದರೆ ಮರಳಿ ಕಟ್ಟುವವರನ್ನು ಅದು ಜೊತೆಯಲ್ಲೇ ಕರೆದೊಯ್ಯುತ್ತದೆ. ಖಾಸಗಿ ಒಡೆಯನ ಹಿಂದೆ ಅಂಥ ಪಡೆಯಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಟ್ಯಾಂಕುಗಳ ತೂಕವೂ ಸಂಚಾರದ ದೂರವೂ ಹೆಚ್ಚಿದ್ದವು. ಉತ್ತರ ಆಫ್ರಿಕಾದ ಮರಳಿನಲ್ಲಿ ನೂರಾರು ಮೈಲಿ ತಾನೇ ನಡೆದರೆ ಉಕ್ಕಿನ ಪಟ್ಟಿ, ಎಂಜಿನ್ನು ಎಲ್ಲ ಸವೆದು, ಯುದ್ಧ ಶುರುವಾಗುವ ಮುನ್ನವೇ ಟ್ಯಾಂಕು ದುರಸ್ತಿಗೆ ಬರುತ್ತಿತ್ತು. ಬ್ರಿಟನ್ನಿನ ಬೇಡಿಕೆಯ ಮೇರೆಗೆ ಷಿಕಾಗೋ ನಗರದ ಡೈಮಂಡ್ ಟಿ ಕಂಪನಿ 1941ರಿಂದ 980 ಎಂಬ ಎಳೆಲಾರಿಯನ್ನು ತಯಾರಿಸಿತು. 201 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿನ ಆ ಲಾರಿ, ಹಿಂದಿನ ಟ್ರೇಲರಿನಲ್ಲಿ ಟ್ಯಾಂಕನ್ನು ಹೊತ್ತು ಸಾಗುತ್ತಿತ್ತು. ಯುದ್ಧ ಮುಗಿದಾಗ ಈ ಲಾರಿಗಳನ್ನು ಸರ್ಕಾರ ಮಾರಾಟಕ್ಕಿಟ್ಟಿತು. ಪಿಕ್‌ಫರ್ಡ್ಸ್, ರಾಬರ್ಟ್ ವಿನ್ ಮೊದಲಾದ ಸಾಗಾಣಿಕೆಯ ಕಂಪನಿಗಳು ಕೊಂಡು, ವಿದ್ಯುತ್ ಕೇಂದ್ರಗಳ ಪರಿವರ್ತಕಗಳನ್ನೂ ಕಾರ್ಖಾನೆಗಳ ಬಾಯ್ಲರುಗಳನ್ನೂ ಅವುಗಳಿಂದ ಎಳೆಸಿದವು. ಟ್ಯಾಂಕು ಹೊರಲು ಹುಟ್ಟಿದ ವಾಹನ ದೇಶ ಕಟ್ಟುವ ಕೆಲಸಕ್ಕೆ ಬಿತ್ತು. ಖಾಸಗಿಯವರ ಕೈಯಲ್ಲಿ ಸೇನೆಯ ಭಾರೀ ವಾಹನಗಳು ಸಾರ್ವಜನಿಕ ರಸ್ತೆಯಲ್ಲಿ ದಿನನಿತ್ಯ ಓಡಾಡತೊಡಗಿದ್ದು ಹೀಗೆ.

ರಸ್ತೆಗೆ ನಿಜಕ್ಕೂ ನೋವಾಗುವುದು ಎಲ್ಲಿ ಎಂಬುದು ವೈಜ್ಞಾನಿಕವಾಗಿ ತಿಳಿದದ್ದು ಇನ್ನೂ ತಡವಾಗಿ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಪರೀಕ್ಷೆಗೆಂದೇ ಹಾಕಿದ ರಸ್ತೆಗಳ ಮೇಲೆ ಭಾರ ತುಂಬಿದ ಲಾರಿಗಳನ್ನು ಎಡೆಬಿಡದೆ ಓಡಿಸಿ, ರಸ್ತೆ ಹೇಗೆ ಸಾಯುತ್ತದೆಂದು ಅಳೆದರು. ಲಾರಿಗಳನ್ನು ಓಡಿಸಿದವರು ಸೈನಿಕರು. ಒಂದು ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ಹಾನಿ ಇಮ್ಮಡಿಯಲ್ಲ, ಸುಮಾರು 16 ಪಟ್ಟು ಎಂಬುದು ಅಲ್ಲಿ ಸಿಕ್ಕ ತಿಳಿವು. ಆದ್ದರಿಂದಲೇ ಟ್ಯಾಂಕು ಹೊರುವ ಟ್ರೇಲರಿಗೆ ಅಷ್ಟೊಂದು ಅಚ್ಚುಗಳು, ಅಷ್ಟೊಂದು ಗಾಲಿಗಳು. ಕೆಸರುಗದ್ದೆಯ ಮೇಲೆ ಹಲಗೆ ಹಾಸಿ ನಡೆಯುವವನ ಉಪಾಯವೇ ಇದು. ಟ್ಯಾಂಕಿನ ಅಗಲವಾದ ಪಟ್ಟಿಯೂ ಅದೇ ಹಲಗೆಯ ಕೆಲಸ ಮಾಡುತ್ತದೆ. ಮೆತ್ತನೆಯ ನೆಲದಲ್ಲಿ ಲಾರಿ ಹೂತುಹೋಗುವಲ್ಲಿ ಟ್ಯಾಂಕು ದಾಟಿಬಿಡುತ್ತದೆ. ಆದರೆ ಉಕ್ಕಿನ ಪಟ್ಟಿ ಡಾಂಬರನ್ನು ಕಿತ್ತುಹಾಕುತ್ತದೆ. ಸೇತುವೆಗಂತೂ ಹಲಗೆಯ ಮಾತು ಅರ್ಧವೇ ಸಮಾಧಾನ: ಹೊರೆ ಎಷ್ಟು ಉದ್ದಕ್ಕೆ ಹರಡಿದೆ, ಕಮಾನಿನ ಮೇಲೆ ಒಮ್ಮೆಗೆ ಒಟ್ಟು ಎಷ್ಟು ತೂಕ ಬಿದ್ದಿದೆ ಎಂಬುದನ್ನೇ ಅದು ಕೇಳುತ್ತದೆ.

ಇನ್ನು ಕಾನೂನಿನ ಕೇಂದ್ರದಲ್ಲಿರುವ ಪದಕ್ಕೆ ಬರೋಣ. ಸಾಮಾನ್ಯ ಮಿತಿಗಳನ್ನು ಮೀರುವ ಅವಕಾಶ ಸಿಗುವುದು ‘ಅವಿಭಾಜ್ಯ ಹೊರೆ’ಗೆ ಮಾತ್ರ. ಅತಿಯಾದ ಖರ್ಚಾಗಲಿ ಹಾನಿಯ ಅಪಾಯವಾಗಲಿ ಇಲ್ಲದೆ ಎರಡಾಗಿ ವಿಂಗಡಿಸಲಾಗದ್ದು ಅವಿಭಾಜ್ಯ ಎನ್ನುತ್ತದೆ ಬ್ರಿಟನ್ನಿನ ಕಾನೂನು. ಅಮೆರಿಕದ ಒಕ್ಕೂಟ ನಿಯಮ ಇನ್ನೂ ನಿಖರ: ಬಿಡಿಸಿದರೆ ಉದ್ದೇಶಿತ ಬಳಕೆಗೆ ಧಕ್ಕೆಯಾಗಬೇಕು, ಇಲ್ಲವೇ ಬೆಲೆ ನಾಶವಾಗಬೇಕು, ಇಲ್ಲವೇ ಬಿಡಿಸಲು 8 ಗಂಟೆಗಿಂತ ಹೆಚ್ಚಿನ ದುಡಿಮೆ ಬೇಕಾಗಬೇಕು. ಟ್ಯಾಂಕಿನ ತೋಪುಗೋಪುರವನ್ನು ಕ್ರೇನಿನಿಂದ ಎತ್ತಿ ಬೇರೊಂದು ಲಾರಿಗೆ ಹಾಕಬಹುದು. ಉಳಿದ ಒಡಲಿನ ಅಗಲ ಮಾತ್ರ ಒಂದಂಗುಲವೂ ತಗ್ಗದು.

ಆ ಒಂದಂಗುಲಕ್ಕೂ ಬೆಲೆಯಿದೆ. ಎರಡನೆಯ ಮಹಾಯುದ್ಧದ ಷರ್ಮನ್ ಟ್ಯಾಂಕಿನ ಸಾಮಾನ್ಯ ಮಾದರಿಯ ಅಗಲ 103 ಅಂಗುಲ. ಅಮೆರಿಕದ ಹೆದ್ದಾರಿಗಳಲ್ಲಿ ಪರವಾನಗಿಯಿಲ್ಲದೆ ಸಾಗಬಹುದಾದ ಅಗಲ 102 ಅಂಗುಲ. ಟ್ಯಾಂಕಿನ ತೂಕವೇ 30 ಟನ್ನಿನ ಆಸುಪಾಸು. ಹೊರುವ ಲಾರಿ, ಟ್ರೇಲರುಗಳ ತೂಕ ಸೇರಿದರೆ ಒಟ್ಟು ತೂಕದ ಮಿತಿಯಾದ 80,000 ಪೌಂಡನ್ನೂ ದಾಟುತ್ತದೆ. ಇದೇ ನಿಯಮದ ಮುಂದಿನ ಸಾಲಿನಲ್ಲಿ ಇನ್ನೊಂದು ಮಾತಿದೆ: ಗುರುತು ಹಾಕಿದ ಸೇನಾಸಾಮಗ್ರಿಯನ್ನು ಹೊತ್ತ ಸೇನಾವಾಹನವನ್ನು ರಾಜ್ಯಗಳು ಅವಿಭಾಜ್ಯವೆಂದೇ ಎಣಿಸಬಹುದು. ಸೇನೆಗೆ ಈ ಸಾಲೇ ಸಾಕು. ಅದೇ ಟ್ಯಾಂಕು ಖಾಸಗಿ ಟ್ರೇಲರನ್ನೇರಿದರೆ ಆ ಸಾಲು ಅದಕ್ಕೆ ಅನ್ವಯಿಸದು. ತಾನು ಬಿಡಿಸಲಾಗದ ವಸ್ತುವೆಂದು ಮೊದಲ ಸಾಲಿನಂತೆ ರುಜುವಾತು ಮಾಡಬೇಕು. ಲೋಹ ಅದೇ, ತೂಕ ಅದೇ, ಸೇತುವೆಯ ಸಂಕಟವೂ ಅದೇ. ಬದಲಾದದ್ದು ಒಡೆತನ ಮಾತ್ರ.

ಬ್ರಿಟನ್ನಿನಲ್ಲಿ ಈ ಹಾದಿ ಹೆಚ್ಚು ಕ್ರಮಬದ್ಧ. 2003ರ ಆದೇಶದಂತೆ ವಿಶೇಷ ಸಾಗಾಣಿಕೆಯ ವಾಹನಗಳಿಗೆ ಒಟ್ಟು ತೂಕದ ಮೇಲೆ 50, 80, 150 ಟನ್‌ಗಳ 3 ವರ್ಗಗಳಿವೆ. ಹೊರೆ ಮಿತಿ ಮೀರಿದರೆ ದಾರಿಯುದ್ದಕ್ಕೂ ಇರುವ ಸೇತುವೆಗಳ ಹೊಣೆಗಾರರಿಗೆ 2 ಪೂರ್ಣ ಕೆಲಸದ ದಿನಗಳ ಮುಂಚೆ ತಿಳಿಸಬೇಕು. ಒಟ್ಟು ತೂಕ 80 ಟನ್ ದಾಟಿದರೆ 5 ದಿನ. ಜೊತೆಗೆ, ಹಾನಿಯಾದರೆ ತುಂಬಿಕೊಡುತ್ತೇನೆಂಬ ಮುಚ್ಚಳಿಕೆ. 1878ರ ನ್ಯಾಯ ಆ ಮುಚ್ಚಳಿಕೆಯಲ್ಲಿ ಇನ್ನೂ ಜೀವಂತವಾಗಿದೆ. ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಇಲ್ಲಿ ಮೆಚ್ಚುಗೆಯಾಗುವುದು, ಇದು ಬೇಡಿಕೊಳ್ಳುವ ಅರ್ಜಿಗಿಂತ ಹೆಚ್ಚಾಗಿ ತಿಳಿಸುವ ಪತ್ರವೆಂಬುದು. ಪ್ರಜೆ ದಾರಿಯನ್ನು ಹೇಳುತ್ತಾನೆ, ಹೊಣೆಯನ್ನು ಹೊರುತ್ತಾನೆ. ಸೇತುವೆ ತಾಳದೆಂದು ಅಧಿಕಾರಿಗೆ ತೋರಿದರೆ ತಡೆಯುತ್ತಾನೆ.

ಅಮೆರಿಕದಲ್ಲಿ ಒಕ್ಕೂಟ ಸರ್ಕಾರ ಇಂಥ ಪರವಾನಗಿ ಕೊಡುವುದೇ ಇಲ್ಲ. ಅದು ಆಯಾ ರಾಜ್ಯದ ಅಧಿಕಾರ. ಕ್ಯಾಲಿಫೋರ್ನಿಯಾದ ಪೋರ್ಟೊಲಾ ವ್ಯಾಲಿಯಲ್ಲಿ ಜಾಕ್ ಲಿಟಲ್‌ಫೀಲ್ಡ್ ಎಂಬ ಸಂಗ್ರಾಹಕ ಕೂಡಿಹಾಕಿದ್ದ ಸೇನಾವಾಹನಗಳು 200ಕ್ಕೂ ಹೆಚ್ಚು. ಪೋಲೆಂಡಿನ ನದಿಯೊಂದರಿಂದ ಮೇಲೆತ್ತಿದ ಜರ್ಮನ್ ಪ್ಯಾಂಥರ್ ಟ್ಯಾಂಕನ್ನು ವರ್ಷಗಟ್ಟಲೆ ದುಡಿದು ಅಲ್ಲಿ ಮತ್ತೆ ನಡೆಯುವಂತೆ ಮಾಡಿದರು. 2009ರಲ್ಲಿ ಅವರು ತೀರಿಕೊಂಡ ಮೇಲೆ ಸಂಗ್ರಹವು ಕಾಲಿಂಗ್ಸ್ ಫೌಂಡೇಶನ್ನಿಗೆ ಸೇರಿತು. 2014ರಲ್ಲಿ ಬಹುಪಾಲು ಹರಾಜಾಯಿತು. ಪ್ಯಾಂಥರ್ ಸೇರಿದಂತೆ ಉಳಿಸಿಕೊಂಡವು ಇಂದು ಇರುವುದು ಪೂರ್ವತೀರದ ಮ್ಯಾಸಚೂಸೆಟ್ಸಿನಲ್ಲಿ. ಈ ಎರಡು ತೀರಗಳ ನಡುವೆ ಯಾವ ಹೆದ್ದಾರಿ ಹಿಡಿದರೂ ಹತ್ತಕ್ಕಿಂತ ಹೆಚ್ಚು ರಾಜ್ಯಗಳನ್ನು ದಾಟಬೇಕು. ಇಂಥ ಹೊರೆಗೆ ರಾಜ್ಯ ರಾಜ್ಯಕ್ಕೂ ಬೇರೆ ಪರವಾನಗಿ, ಬೇರೆ ಶುಲ್ಕ, ಸಂಚಾರದ ವೇಳೆಗೆ ಬೇರೆ ನಿಯಮ. ಗಡಿಯಿಲ್ಲದಂತೆ ನುಗ್ಗಲು ಹುಟ್ಟಿದ ಯಂತ್ರ ಈಗ ಗಡಿಗಡಿಯಲ್ಲೂ ಹೆಸರು ಹೇಳಿಕೊಳ್ಳಬೇಕು.

ಒಡೆತನವೇ ಸಂದೇಹಕ್ಕೆ ಬಿದ್ದರೆ ಏನಾಗುತ್ತದೆಂಬುದಕ್ಕೆ ಜರ್ಮನಿಯ ಒಂದು ಪ್ರಸಂಗವಿದೆ. 2015ರಲ್ಲಿ ಕೀಲ್ ನಗರದ ಸಮೀಪದ ಮನೆಯೊಂದರ ನೆಲಮಾಳಿಗೆಯಲ್ಲಿದ್ದ ಪ್ಯಾಂಥರ್ ಟ್ಯಾಂಕನ್ನು ಯುದ್ಧಾಸ್ತ್ರ ನಿಯಂತ್ರಣ ಕಾಯಿದೆಯಡಿ ವಶಪಡಿಸಿಕೊಂಡರು. ಅದನ್ನು ಹೊರಗೆಳೆದು ಟ್ರೇಲರಿಗೇರಿಸಲು ಸುಮಾರು 20 ಸೈನಿಕರಿಗೆ 9 ಗಂಟೆಯಷ್ಟು ಹಿಡಿಯಿತು. ಪ್ರಜೆಯ ಟ್ಯಾಂಕನ್ನು ಸಾಗಿಸಲು ಕೊನೆಗೆ ಪ್ರಭುತ್ವವೇ ಬರಬೇಕಾಯಿತು.

ನಮ್ಮ ದೇಶದಲ್ಲಿ ನಿವೃತ್ತ ಟ್ಯಾಂಕುಗಳು ಹೆಚ್ಚಾಗಿ ಕಾಣಸಿಗುವುದು ಸ್ಮಾರಕಗಳಾಗಿ, ಅಥವಾ ಪುಣೆಯವರಿಗೆ ಪರಿಚಿತವಾದ ಅಹಮದ್‌ನಗರದ ಟ್ಯಾಂಕು ವಸ್ತುಸಂಗ್ರಹಾಲಯದಂಥ ಕಡೆ. ಖಾಸಗಿಯವರ ಕೈಗೆ ಬಂದವು ಮುಖ್ಯವಾಗಿ ಜೀಪುಗಳು, ಲಾರಿಗಳು. ಆದರೆ 1988ರ ಮೋಟಾರು ವಾಹನ ಕಾಯಿದೆಯ 60ನೆಯ ಕಲಮು ನಮ್ಮ ಪ್ರಶ್ನೆಯ ತಿರುಳನ್ನೇ ಹಿಡಿದಿದೆ. ದೇಶರಕ್ಷಣೆಗೆ ಬಳಸುವ ಕೇಂದ್ರ ಸರ್ಕಾರದ ವಾಹನಗಳಿಗೆ ಅದು ಪ್ರತ್ಯೇಕ ನೋಂದಣಿಯನ್ನು ಕಲ್ಪಿಸುತ್ತದೆ. ಮೇಲ್ಮುಖದ ಬಾಣವಿರುವ ಸೇನೆಯ ನಂಬರು ಫಲಕವನ್ನು ನಾವೆಲ್ಲ ಕಂಡಿದ್ದೇವೆ. ಅದೇ ಕಲಮಿನ 4ನೆಯ ಉಪಕಲಮು, ವಾಹನವು ಕೇಂದ್ರ ಸರ್ಕಾರದ ಒಡೆತನದಿಂದ ಅಥವಾ ಪೂರ್ಣ ಹತೋಟಿಯಿಂದ ಹೊರಬಿದ್ದೊಡನೆ 39 ಮತ್ತು 40ನೆಯ ಕಲಮುಗಳು ಅದಕ್ಕೆ ಅನ್ವಯಿಸುತ್ತವೆ ಎನ್ನುತ್ತದೆ. ಎಂದರೆ, ನಿಮ್ಮ ನಮ್ಮ ಸ್ಕೂಟರಿನಂತೆ ಅದೂ ನೋಂದಣಿಯ ಸಾಲಿನಲ್ಲಿ ನಿಲ್ಲಬೇಕು. ವಾಹನದ ಅಗಲಕ್ಕೆ ನಿಯಮಗಳು ಇಟ್ಟ ಮಿತಿ 2.6 ಮೀಟರು, 1971ರ ಯುದ್ಧದಲ್ಲಿ ನಮ್ಮ ಸೇನೆಯಲ್ಲಿದ್ದ ಟಿ-55 ಟ್ಯಾಂಕಿನ ಅಗಲ 3 ಮೀಟರಿಗೂ ಹೆಚ್ಚು, ತೂಕ ಸುಮಾರು 36 ಟನ್. ಕಾರವಾರದ ಕಡಲತೀರದಲ್ಲಿ ನಿಂತಿರುವ ನೌಕಾಪಡೆಯ ಟುಪೊಲೆವ್ ವಿಮಾನ ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ಲಾರಿಗಳಲ್ಲಿ ಬಂದು ಅಲ್ಲಿ ಮತ್ತೆ ಜೋಡಣೆಗೊಂಡಿತು. ವಿಮಾನ ಬಿಡಿಯಾಗಬಲ್ಲದು. ಟ್ಯಾಂಕಿಗೆ ಆ ಸೌಲಭ್ಯವಿಲ್ಲ.

ಸ್ಮಾರಕದ ಕಟ್ಟೆಯೇರಿದ ಟ್ಯಾಂಕಿನ ಮುಂದೆ ನಾವು ಗೆಲುವನ್ನೋ ಬಲಿದಾನವನ್ನೋ ನೆನೆಯುತ್ತೇವೆ, ಅದು ಉಚಿತವೇ. ಆದರೆ ಅದನ್ನು ಸಾಗಿಸುವವನು ಕೇಳುವ ಪ್ರಶ್ನೆಗಳಲ್ಲಿ ಇನ್ನೊಂದು ಬಗೆಯ ಸತ್ಯವಿದೆ. ಯಾವ ಪಕ್ಷದಲ್ಲಿ ಹೋರಾಡಿತು ಎಂದು ಸೇತುವೆ ವಿಚಾರಿಸುವುದಿಲ್ಲ. ಯುದ್ಧಕಾಲದ ಪ್ರಭುತ್ವ ರಸ್ತೆಯ ಮೇಲೆ ತನಗಿರುವ ವಿನಾಯಿತಿಯನ್ನು ಹಕ್ಕೆಂದು ತಿಳಿಯುವುದು ಸುಲಭ. ಆ ವಿನಾಯಿತಿಯ ಬೆಲೆಯನ್ನು ತೆರುವವರು ಮುರಿದ ಸೇತುವೆಯ ಈಚೆ ದಡದಲ್ಲಿ ನಿಂತ ಊರಿನವರು. ಹವ್ಯಾಸಿ ಸಂಗ್ರಾಹಕನೊಬ್ಬ ತೂಕ, ಅಗಲ, ಅಚ್ಚುಗಳ ಲೆಕ್ಕ ಬರೆದು, ಮುಚ್ಚಳಿಕೆಗೆ ರುಜು ಹಾಕಿ, ಅಪ್ಪಣೆಯಾದ ದಾರಿಯಲ್ಲಿ ಹಗಲು ಹೊತ್ತು ನಿಧಾನವಾಗಿ ಸಾಗುವಾಗ ಅದೇ ಯಂತ್ರ ಮೊದಲ ಬಾರಿಗೆ ಆ ಊರಿನವರಿಗೆ ಉತ್ತರ ಹೇಳುತ್ತದೆ. ಶಸ್ತ್ರವೊಂದು ನಾಗರಿಕ ಜೀವನಕ್ಕೆ ಮರಳಿತೆಂಬುದಕ್ಕೆ ಅದರ ತೋಪಿನ ಬಾಯಿ ಮುಚ್ಚಿದ್ದಷ್ಟೇ ಸಾಕ್ಷಿಯೆಂದು ನಾವು ಒಪ್ಪಲಾರೆವು. ಈ ಪರವಾನಗಿಯ ಕಾಗದವನ್ನೂ ಅದರ ಪಕ್ಕದಲ್ಲಿಡಬೇಕು.