ವಿಕೇಂದ್ರೀಕೃತ ಸಾಮಾಜಿಕ ಜಾಲಗಳಲ್ಲಿ ಖಾತೆಯ ಗುರುತು: ಸಾರ್ವಜನಿಕರಿಗೆ ಮಾಹಿತಿ

ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸಿದ ನಾಗರಿಕರು ಅರ್ಜಿಯ ಸ್ಥಿತಿಗತಿಯನ್ನು ಸಾಮಾಜಿಕ ಜಾಲಗಳ ಮೂಲಕ ವಿಚಾರಿಸುವುದು ರೂಢಿಯಲ್ಲಿದೆ. ಉತ್ತರಿಸುತ್ತಿರುವ ಖಾತೆ ಯಾರದೆಂದು ಖಚಿತಪಡಿಸಿಕೊಳ್ಳದೆ ವಿವರಗಳನ್ನು ನೀಡಿದಲ್ಲಿ ವಂಚನೆಗೆ ಒಳಗಾಗುವ ಸಂಭವವಿರುತ್ತದೆ. ಆದ್ದರಿಂದ ಖಾತೆಯ ಗುರುತನ್ನು ಓದುವ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

1. ಒಂದೇ ಸಂಸ್ಥೆ ನಡೆಸುವ ಜಾಲ

ಇಂತಹ ಜಾಲದಲ್ಲಿ ಖಾತೆಗಳ ದಾಖಲೆಯನ್ನು ಒಂದೇ ಸಂಸ್ಥೆಯು ನಿರ್ವಹಿಸುತ್ತದೆ. ಬೆಂಗಳೂರಿನಲ್ಲಿ 2020ರಲ್ಲಿ ಆರಂಭಗೊಂಡು ಕನ್ನಡದಲ್ಲಿಯೂ ಸೇವೆ ನೀಡಿದ ‘ಕೂ’ ಇದಕ್ಕೆ ಉದಾಹರಣೆ. ಸೇವೆಯನ್ನು ನಿಲ್ಲಿಸುವುದಾಗಿ 2024ರ ಜುಲೈನಲ್ಲಿ ಪ್ರಕಟಿಸಲಾಯಿತು. ಸೇವೆ ನಿಂತ ಮೇಲೆ ಅಲ್ಲಿನ ಖಾತೆಯ ಹೆಸರು ಬೇರೆಡೆ ಊರ್ಜಿತವಾಗುವುದಿಲ್ಲ.

2. ಎರಡು ಭಾಗಗಳ ವಿಳಾಸ

2016ರಲ್ಲಿ ಆರಂಭಗೊಂಡ ಮಾಸ್ಟೊಡಾನ್ ಜಾಲದಲ್ಲಿ ಅನೇಕ ಸರ್ವರ್‌ಗಳಿದ್ದು, ಅವುಗಳನ್ನು ಬೇರೆ ಬೇರೆ ವ್ಯಕ್ತಿಗಳು ಹಾಗೂ ಸಂಸ್ಥೆಗಳು ನಡೆಸುತ್ತವೆ. ಇವು ‘ಆಕ್ಟಿವಿಟಿಪಬ್’ ಎಂಬ ಮಾನದಂಡದ ಮೂಲಕ ಪರಸ್ಪರ ವ್ಯವಹರಿಸುತ್ತವೆ. ಈ ಮಾನದಂಡವನ್ನು ಡಬ್ಲ್ಯು3ಸಿ ಸಂಸ್ಥೆಯು 2018ರ ಜನವರಿಯಲ್ಲಿ ಅಂಗೀಕರಿಸಿತು. ಖಾತೆಯ ಪೂರ್ಣ ವಿಳಾಸವು @ಹೆಸರು@ಸರ್ವರ್ ಎಂಬ ರೂಪದಲ್ಲಿರುತ್ತದೆ.

‘1ನೇ ಅಡ್ಡರಸ್ತೆ’ ಎಂದಷ್ಟೇ ಬರೆದ ಪತ್ರವು ಬೆಂಗಳೂರಿನಲ್ಲಿ ತಲುಪಲಾರದು. ಹಲಸೂರು 560008, ಇಂದಿರಾನಗರ 560038 ಅಥವಾ ಕೃಷ್ಣರಾಜಪುರ 560036 ಎಂದು ನಮೂದಿಸಿದಾಗಲೇ ವಿಳಾಸ ಪೂರ್ಣವಾಗುತ್ತದೆ. ಅದೇ ರೀತಿ ಒಂದು ಹೆಸರು ಒಂದು ಸರ್ವರ್‌ನಲ್ಲಿ ಒಬ್ಬರಿಗೆ ಮಾತ್ರ ದೊರೆಯುತ್ತದೆ. ಆದರೆ ಅದೇ ಹೆಸರನ್ನು ಮತ್ತೊಂದು ಸರ್ವರ್‌ನಲ್ಲಿ ಬೇರೆಯವರು ಪಡೆಯಬಹುದು. ಆದುದರಿಂದ ಎರಡನೆಯ @ ಚಿಹ್ನೆಯ ನಂತರದ ಭಾಗವನ್ನು ಅವಶ್ಯವಾಗಿ ಓದತಕ್ಕದ್ದು.

ಮಾಸ್ಟೊಡಾನ್‌ನಲ್ಲಿ ಖಾತೆಯ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳಲ್ಲಿ ಮಾತ್ರ ನೋಂದಾಯಿಸಬಹುದು. ಕನ್ನಡದಲ್ಲಿ ಕಾಣುವುದು ಪ್ರದರ್ಶನದ ಹೆಸರು ಮಾತ್ರ. ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ್ದರಿಂದ ಅದು ಗುರುತಿನ ಆಧಾರವಾಗದು.

3. ಹೆಸರು ಬದಲಾದರೂ ಉಳಿಯುವ ಗುರುತು

2024ರ ಫೆಬ್ರವರಿಯಲ್ಲಿ ಸರ್ವರಿಗೂ ಮುಕ್ತವಾದ ಬ್ಲೂಸ್ಕೈ ಜಾಲದಲ್ಲಿ ಪ್ರತಿ ಖಾತೆಗೂ ‘ಡಿಐಡಿ’ ಎಂಬ ಶಾಶ್ವತ ಗುರುತು ಇರುತ್ತದೆ. ಜನರು ಓದುವ ಹೆಸರು ಒಂದು ಡೊಮೇನ್ ಹೆಸರಾಗಿರುತ್ತದೆ. ಅದನ್ನು ಬದಲಾಯಿಸಿದರೂ ಡಿಐಡಿ ಬದಲಾಗದು; ಖಾತೆಯನ್ನು ಅನುಸರಿಸುವವರು ಹಾಗೆಯೇ ಉಳಿಯುತ್ತಾರೆ.

4. ಸರ್ವರ್ ಬದಲಾವಣೆ

ಮಾಸ್ಟೊಡಾನ್‌ನಲ್ಲಿ ಖಾತೆಯನ್ನು ಹೊಸ ಸರ್ವರ್‌ಗೆ ವರ್ಗಾಯಿಸಿದಾಗ ಅನುಸರಿಸುವವರು ವರ್ಗಾವಣೆಯಾಗುತ್ತಾರೆ; ಹಳೆಯ ಬರಹಗಳು ವರ್ಗಾವಣೆಯಾಗುವುದಿಲ್ಲ. ಹಳೆಯ ಸರ್ವರ್ ಚಾಲನೆಯಲ್ಲಿರುವಾಗಲೇ ಈ ಕಾರ್ಯವನ್ನು ಮುಗಿಸತಕ್ಕದ್ದು. ಸರ್ವರ್ ಮುಚ್ಚಿದ ನಂತರ ಅವಕಾಶವಿರುವುದಿಲ್ಲ.

5. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಸರ್ಕಾರದ್ದೆಂದು ಹೇಳಿಕೊಳ್ಳುವ ಖಾತೆಯ ವಿಳಾಸವನ್ನು ಸಂಬಂಧಿಸಿದ ಇಲಾಖೆಯ ಅಧಿಕೃತ ಜಾಲತಾಣದೊಂದಿಗೆ ಹೋಲಿಸಿ ನೋಡುವುದು. ‘ಜಿಒವಿ ಡಾಟ್ ಇನ್’ ಡೊಮೇನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಮೀಸಲಾಗಿದೆ.

ಆ) ಈ ಅಕ್ಷರಗಳು ವಿಳಾಸದ ನಡುವೆ ಎಲ್ಲೋ ಇದ್ದರೆ ಸಾಲದು, ವಿಳಾಸವು ಅವುಗಳಿಂದಲೇ ಕೊನೆಗೊಳ್ಳಬೇಕು.

ಇ) ಮಾಸ್ಟೊಡಾನ್‌ನ ಖಾಸಗಿ ಸಂದೇಶಗಳನ್ನು ಸರ್ವರ್ ನಿರ್ವಾಹಕರು ಓದಲು ಸಾಧ್ಯವಿದೆ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಮತ್ತು ಒಟಿಪಿಗಳನ್ನು ಯಾವುದೇ ಜಾಲದಲ್ಲಿ ಕಳುಹಿಸಬಾರದು.

ಈ) ಸ್ವಂತ ಖಾತೆಯುಳ್ಳವರು ತಮ್ಮ ಬರಹಗಳ ಪ್ರತಿಯನ್ನು ಕಾಲಕಾಲಕ್ಕೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವುದು.

ಸೂಚನೆ: ಸಾಮಾಜಿಕ ಜಾಲದಲ್ಲಿ ಬರೆದ ಸಂದೇಶವು ಅರ್ಜಿಗೆ ಬದಲಿಯಲ್ಲ. ಅರ್ಜಿಯನ್ನು ನಿಗದಿತ ರೀತಿಯಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯಲು ಕೋರಲಾಗಿದೆ.